ಉದ್ದ ನಳಿಗೆಯ ಲೆಕ್ಕ

ಅಹಮದಾಬಾದು, ವಡೋದರಾ, ಸೂರತ್‌ಗಳಲ್ಲಿ ನೆಲೆಸಿದ ನಾವು ಸೋಮನಾಥ, ಗಿರನಾರಗಳ ಯಾತ್ರೆಗೆ ಹೊರಟರೆ ಜುನಾಗಢದ ಉಪರಕೋಟೆಯನ್ನೂ ನೋಡಿ ಬರುವುದು ವಾಡಿಕೆ. ಅಲ್ಲಿನ 'ನೀಲಂ' ತೋಪನ್ನು ಕಂಡಾಗ ನಮ್ಮ ವಿಜಾಪುರದ, ಎಂದರೆ ಇಂದಿನ ವಿಜಯಪುರದ, ತೋಪುಗಳು ನೆನಪಾಗುತ್ತವೆ. ಆಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: ತೋಪು ಉದ್ದವಾದಷ್ಟೂ ಗುಂಡು ದೂರ ಹೋಗುತ್ತದೆಯೇ? ಇದಕ್ಕೆ ಉತ್ತರ ಹೇಳಲು ಇತಿಹಾಸವೂ ಬೇಕು, ಸ್ವಲ್ಪ ಲೆಕ್ಕವೂ ಬೇಕು.

ನೀಲಂ ತೋಪು 1531ರ ಸುಮಾರಿಗೆ ಈಜಿಪ್ಟಿನಲ್ಲಿ ಎರಕಗೊಂಡದ್ದು. 1538ರಲ್ಲಿ ದೀವ್‌ನ ಪೋರ್ಚುಗೀಸ್ ಕೋಟೆಗೆ ಮುತ್ತಿಗೆ ಹಾಕಿ ವಿಫಲನಾದ ತುರ್ಕಿ ಸೇನಾನಿ ಸುಲೇಮಾನ್ ಪಾಶಾನೊಡನೆ ಅದು ಈ ನಾಡಿಗೆ ಬಂದಿತು. ಉದ್ದ 17 ಅಡಿ. ನಳಿಗೆಯ ಬಾಯಿ ಒಂಬತ್ತೂವರೆ ಅಂಗುಲ.

ವಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ. 'ರೂಮಿ' ಎಂದರೆ ತುರ್ಕಿ ಸೀಮೆಯವನು. ಎರಡು ತೋಪುಗಳ ಹಿಂದೆಯೂ ಇದ್ದದ್ದು ಆ ಸೀಮೆಯ ಕೈಚಳಕವೇ. ಪರಾಂಡಾ ಕೋಟೆಯಿಂದ 1632ರಲ್ಲಿ ವಿಜಾಪುರಕ್ಕೆ ತಂದ ಈ ತೋಪಿನ ತೂಕ ಸುಮಾರು 55 ಟನ್. ಉದ್ದ 14 ಅಡಿ 4 ಅಂಗುಲ ಮಾತ್ರ. ಬಾಯಿಯೋ 2 ಅಡಿ 4 ಅಂಗುಲ!

ಅದೇ ಊರಿನ ಉಪ್ಪಲಿ ಬುರುಜಿನ ಮೇಲೆ ಇನ್ನೊಂದು ತೋಪಿದೆ. ಇದು ಎರಕದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಬಳೆ ತೊಡಿಸಿ ಬೆಸೆದದ್ದು. ಉದ್ದ 30 ಅಡಿ 8 ಅಂಗುಲ. ಬಾಯಿ 12 ಅಂಗುಲ.

ಈಗ ಉದ್ದವನ್ನು ಬಾಯಿಯ ಅಗಲದಿಂದ ಭಾಗಿಸಿ ನೋಡೋಣ. ಮಲಿಕ್-ಎ-ಮೈದಾನ್ ತನ್ನ ಬಾಯಿಯ 6 ಪಟ್ಟು ಉದ್ದ. ನೀಲಂ 21 ಪಟ್ಟು. ಉಪ್ಪಲಿ ಬುರುಜಿನದು 30 ಪಟ್ಟು. ಕಟ್ಟಿದವರ ಉದ್ದೇಶ ಈ ಲೆಕ್ಕದಲ್ಲೇ ತಿಳಿಯುತ್ತದೆ. ಮೊದಲನೆಯದು ಹತ್ತಿರದ ದಂಡಿನ ಮೇಲೆ ರಾಶಿ ಸುರಿಯಲು. ತಾಳೀಕೋಟೆಯ ಕಾಳಗದಲ್ಲಿ ಅದಕ್ಕೆ ತಾಮ್ರದ ನಾಣ್ಯ ತುಂಬಿದರೆಂಬ ಪ್ರತೀತಿಯೇ ಇದೆ. ಕೊನೆಯದು ದೂರದ ಗುರಿಗಾಗಿ.

ಆದರೆ ಉದ್ದದಿಂದ ಲಾಭವೆಷ್ಟು? ಮದ್ದು ಉರಿದು ಅನಿಲವಾಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು ವೇಗ ಏರುತ್ತದೆ. ಅನಿಲ ಹರಡಿದಂತೆ ಒತ್ತಡ ಇಳಿಯುವುದರಿಂದ ಒಂದೊಂದು ಅಡಿಯೂ ಹಿಂದಿನದಕ್ಕಿಂತ ಕಡಿಮೆ ವೇಗ ಕೊಡುತ್ತದೆ. ಕೊನೆಗೆ ಒತ್ತಡಕ್ಕಿಂತ ಘರ್ಷಣೆಯೇ ಹೆಚ್ಚಾದರೆ ವೇಗ ಇಳಿಯುವುದೂ ಉಂಟು.

ಇದನ್ನು ಅಳೆದು ತೋರಿಸುವ ಕಾಲ ಬರಲು ತಡವಾಯಿತು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ತೂಗುವ ಹಲಗೆಗೆ ಗುಂಡು ಹೊಡೆದು ವೇಗ ಕಂಡುಹಿಡಿಯುವ ಕ್ರಮವನ್ನು 1742ರಲ್ಲಿ ಪ್ರಕಟಿಸಿದನು. 1780ರ ದಶಕದಲ್ಲಿ ವುಲಿಚ್‌ನಲ್ಲಿ ಚಾರ್ಲ್ಸ್ ಹಟನ್ ಪ್ರಯೋಗ ಮುಂದುವರಿಸಿ ನಿರ್ಣಯಿಸಿದ್ದು ಇಷ್ಟು: ನಳಿಗೆಯನ್ನು ಇಮ್ಮಡಿ ಉದ್ದ ಮಾಡಿದರೂ ಗುಂಡು ಹೋಗುವ ದೂರ ಸುಮಾರು ಏಳರಲ್ಲಿ ಒಂದು ಪಾಲು ಮಾತ್ರ ಹೆಚ್ಚುತ್ತದೆ.

ಈ ಲೆಕ್ಕವನ್ನು ಉಪ್ಪಲಿ ಬುರುಜಿನ ತೋಪಿಗೆ ಹಚ್ಚಿದರೆ, ಕೊನೆಯ 15 ಅಡಿ ಕಬ್ಬಿಣದಿಂದ ಸಿಕ್ಕ ಲಾಭ ಅಲ್ಪವೇ. ಅದಕ್ಕಿಂತ ಸುಮಾರು 80 ಅಡಿ ಎತ್ತರದ ಬುರುಜೇ ತೋಪಿಗೆ ಹೆಚ್ಚು ನೆರವಾಗಿರಬೇಕು. ಇಂದಿನ ರೈಫಲ್ಲಿಗೂ ಇದೇ ನಿಯಮ. ಅಮೆರಿಕದ ಎಂ-16ರ ನಳಿಗೆ 20 ಅಂಗುಲ. ಅದೇ ಗುಂಡು ಹಾರಿಸುವ ಎಂ-4ರದು ಹದಿನಾಲ್ಕೂವರೆ. ನಳಿಗೆ ಕಾಲು ಭಾಗಕ್ಕೂ ಹೆಚ್ಚು ಮೊಟಕಾದರೂ ವೇಗ ಸೆಕೆಂಡಿಗೆ ಸುಮಾರು 950 ಮೀಟರಿನಿಂದ 900ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ.

ಹಾಗೆಂದು ನಮ್ಮ ಹಿರಿಯರ ತೋಪುಗಳು ಕಡಿಮೆಯವೆಂದು ಯಾರೂ ತಿಳಿಯಬಾರದು. ವೇಗ ಅಳೆಯುವ ಸಾಧನವೇ ಇಲ್ಲದ ಕಾಲದಲ್ಲಿ ಅವರು ಕಬ್ಬಿಣದಲ್ಲೇ ಪ್ರಯೋಗ ನಡೆಸಿದ್ದರು. 1854ರಲ್ಲಿ ಮಲಿಕ್-ಎ-ಮೈದಾನ್ ಹರಾಜಿನಲ್ಲಿ ಬರೇ 150 ರೂಪಾಯಿಗೆ ಹೋಗಿತ್ತು. ಅಧಿಕಾರಿಯೊಬ್ಬರು ಮಾರಾಟ ರದ್ದುಮಾಡಿದ್ದರಿಂದ ಉಳಿಯಿತು. ಇಲ್ಲವಾಗಿದ್ದರೆ ಕರಗಿ ಹೋಗುತ್ತಿತ್ತು. ನಾವು ಮಾಡಿದ ಲೆಕ್ಕಕ್ಕೂ ಆಧಾರ ಉಳಿಯುತ್ತಿರಲಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳ ಕೈಗೆ ಅಳತೆಯ ಟೇಪು ಕೊಟ್ಟು ಬುರುಜು ಹತ್ತಿಸೋಣ. ಭಾಗಾಕಾರವನ್ನು ಅವರೇ ಮಾಡಲಿ.