ತೆಂಗಿನಿಂದ ಮನೆಯಲ್ಲಿಯೇ ಪಾನೀಯ ತಯಾರಿಕೆ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ತುಮಕೂರು, ಹಾಸನ, ಚಿತ್ರದುರ್ಗ, ಚಿಕ್ಕಮಗಳೂರು, ಮಂಡ್ಯ ಮತ್ತು ಕರಾವಳಿ ಜಿಲ್ಲೆಗಳಲ್ಲಿ ತೆಂಗು ಪ್ರಮುಖ ತೋಟಗಾರಿಕೆ ಬೆಳೆಯಾಗಿದೆ. ತಿಪಟೂರು ಕೊಬ್ಬರಿಗೆ ಹೆಸರಾಗಿದ್ದರೆ ಮದ್ದೂರು ಎಳನೀರಿನ ಮಾರುಕಟ್ಟೆಗೆ ಹೆಸರಾಗಿದೆ. ಎಳನೀರು, ಬಲಿತ ಕಾಯಿಯ ನೀರು ಹಾಗೂ ಕಾಯಿ ಹಾಲಿನಿಂದ ಮನೆಯಲ್ಲಿಯೇ ಸುಲಭವಾಗಿ ಪಾನೀಯಗಳನ್ನು ತಯಾರಿಸಬಹುದಾಗಿದೆ. ಇವುಗಳನ್ನು ತಯಾರಿಸುವ ವಿಧಾನ, ಕೆಡದಂತೆ ಕಾಪಾಡುವ ಕ್ರಮ ಹಾಗೂ ಮಾರಾಟ ಮಾಡಲು ಇಚ್ಛಿಸುವವರು ಅನುಸರಿಸಬೇಕಾದ ನಿಯಮಗಳನ್ನು ಇಲ್ಲಿ ನೀಡಲಾಗಿದೆ.

ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಒಡೆಯದ, ಬಿರುಕಿಲ್ಲದ ಕಾಯಿಯ ಒಳಗಿನ ನೀರು ಸಾಮಾನ್ಯವಾಗಿ ಸೂಕ್ಷ್ಮಾಣುಗಳಿಂದ ಮುಕ್ತವಾಗಿರುತ್ತದೆ. ಕಾಯಿಯನ್ನು ತೆರೆದ ಕೂಡಲೇ ಗಾಳಿ, ಮಚ್ಚು, ಕೈ ಮತ್ತು ಪಾತ್ರೆಗಳಿಂದ ಸೂಕ್ಷ್ಮಾಣುಗಳು ಸೇರುತ್ತವೆ. ಎಳನೀರು ಮತ್ತು ಕಾಯಿ ಹಾಲು ಎರಡರಲ್ಲಿಯೂ ಹುಳಿಯ ಅಂಶ ಕಡಿಮೆ. ಸಕ್ಕರೆ ಮತ್ತು ಪೋಷಕಾಂಶಗಳು ಇರುತ್ತವೆ. ಆದುದರಿಂದ ಇವು ಹಸುವಿನ ಹಾಲಿನಂತೆಯೇ ಬೇಗನೆ ಕೆಡುತ್ತವೆ. ಅಂದಿಗೆ ಬೇಕಾದಷ್ಟನ್ನು ಅಂದೇ ತಯಾರಿಸಿ ಬಳಸುವುದು ಉತ್ತಮ ಕ್ರಮವಾಗಿದೆ.

2. ಬಳಸಬಹುದಾದ ಸಾಮಗ್ರಿಗಳು

ಅ) ಎಳನೀರು: ದಕ್ಷಿಣ ಕನ್ನಡದಲ್ಲಿ ಇದನ್ನು ಬೊಂಡವೆಂದು ಕರೆಯುವುದು ರೂಢಿಯಲ್ಲಿದೆ. ಸುಮಾರು ಏಳು ತಿಂಗಳ ಕಾಯಿಯಲ್ಲಿ ನೀರಿನ ಪ್ರಮಾಣ ಮತ್ತು ಸಿಹಿ ಎರಡೂ ಉತ್ತಮವಾಗಿರುತ್ತವೆ. ಎಳನೀರಿಗೆ ಸೂಕ್ತವಾದ ಗಿಡ್ಡ ತಳಿಗಳಲ್ಲಿ ಚೌಘಾಟ್ ಆರೆಂಜ್ ಡ್ವಾರ್ಫ್ ಪ್ರಮುಖವಾದುದು. ಎಳನೀರಿನಲ್ಲಿ ಶೇ. 95ರಷ್ಟು ನೀರೇ ಇದ್ದು, ಪೊಟ್ಯಾಸಿಯಂ ಹೆಚ್ಚಾಗಿಯೂ ಸೋಡಿಯಂ ಕಡಿಮೆಯಾಗಿಯೂ ಇರುತ್ತದೆ.

ಆ) ಎಳನೀರಿನ ಗಂಜಿ: ಒಳಗಿನ ಮೆತ್ತನೆಯ ತಿರುಳು. ಪಾನೀಯಕ್ಕೆ ಮಂದತೆ ನೀಡಲು ಬಳಸಬಹುದು.

ಇ) ಬಲಿತ ಕಾಯಿಯ ನೀರು: ಅಡುಗೆಗೆ ಕಾಯಿ ಒಡೆಯುವಾಗ ಹೆಚ್ಚಿನ ಮನೆಗಳಲ್ಲಿ ಇದನ್ನು ಚೆಲ್ಲಲಾಗುತ್ತದೆ. ಸ್ವಚ್ಛವಾದ ಪಾತ್ರೆಯಲ್ಲಿ ಹಿಡಿದು ಸೋಸಿದರೆ ಪಾನಕಕ್ಕೆ ಉಪಯುಕ್ತವಾಗುತ್ತದೆ.

ಈ) ಕಾಯಿ ಹಾಲು: ಬಲಿತ ಹಸಿ ಕಾಯಿಯ ತುರಿಯನ್ನು ಅರೆದು ಹಿಂಡಿ ಪಡೆಯುವ ಹಾಲು. ಇದರಲ್ಲಿ ಕೊಬ್ಬಿನ ಅಂಶ ಹೆಚ್ಚು. ಪ್ರೊಟೀನ್ ಮತ್ತು ಕ್ಯಾಲ್ಸಿಯಂ ಹಸುವಿನ ಹಾಲಿಗಿಂತ ಕಡಿಮೆ.

3. ಕಾಯಿಯ ಆಯ್ಕೆ ಮತ್ತು ಸ್ವಚ್ಛತೆ

• ಬಿರುಕು ಬಿಟ್ಟ, ಕಣ್ಣಿನ ಭಾಗದಲ್ಲಿ ತೇವ ಅಥವಾ ಬೂಷ್ಟು ಕಾಣುವ ಕಾಯಿಗಳನ್ನು ಬಳಸಬಾರದು.
• ಬಲಿತ ಕಾಯಿಯನ್ನು ಅಲುಗಾಡಿಸಿದಾಗ ನೀರಿನ ಸದ್ದು ಕೇಳಿಸಬೇಕು.
• ಕಾಯಿಯ ಹೊರಭಾಗ, ಮಚ್ಚು, ತುರಿಯುವ ಮಣೆ ಹಾಗೂ ಹಿಂಡುವ ಬಟ್ಟೆಯನ್ನು ಬಳಸುವ ಮೊದಲು ಶುದ್ಧ ನೀರಿನಲ್ಲಿ ತೊಳೆಯಬೇಕು. ಹಿಂಡುವ ಬಟ್ಟೆಯನ್ನು ಪ್ರತಿ ಬಾರಿ ಬಳಸಿದ ನಂತರ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿನಲ್ಲಿ ಒಣಗಿಸಬೇಕು.
• ಒಡೆದ ಕೂಡಲೇ ನೀರನ್ನು ಮೂಸಿ, ತಿರುಳನ್ನು ನೋಡಬೇಕು. ಹುಳಿ ವಾಸನೆ, ಲೋಳೆ, ನೊರೆ ಅಥವಾ ತಿರುಳಿನಲ್ಲಿ ಬಣ್ಣದ ಕಲೆ ಕಂಡುಬಂದಲ್ಲಿ ರುಚಿ ನೋಡದೆ ಎಸೆಯಬೇಕು.
• ಹುಳಿ ಸೇರುವ ಪಾನೀಯಗಳಿಗೆ ಸ್ಟೀಲ್, ಗಾಜು ಅಥವಾ ಮಣ್ಣಿನ ಪಾತ್ರೆ ಬಳಸಬೇಕು. ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳು ಸೂಕ್ತವಲ್ಲ.

4. ಕಾಯಿ ಹಾಲು ತೆಗೆಯುವ ವಿಧಾನ

ಒಂದು ಮಧ್ಯಮ ಗಾತ್ರದ ಕಾಯಿಯನ್ನು ತುರಿದು, ಒಂದು ಲೋಟ (200 ಮಿ.ಲೀ.) ಬೆಚ್ಚನೆಯ ಕುಡಿಯುವ ನೀರು ಸೇರಿಸಿ ನುಣ್ಣಗೆ ಅರೆಯಬೇಕು. ತೆಳುವಾದ ಬಟ್ಟೆಯಲ್ಲಿ ಹಿಂಡಿದಾಗ ದೊರೆಯುವುದು ಮೊದಲ ಹಾಲು ಅಥವಾ ದಪ್ಪ ಹಾಲು. ಉಳಿದ ತುರಿಗೆ ಮತ್ತೊಂದು ಲೋಟ ನೀರು ಸೇರಿಸಿ ಅರೆದು ಹಿಂಡಿದರೆ ಎರಡನೆಯ ಹಾಲು ಅಥವಾ ತೆಳು ಹಾಲು ದೊರೆಯುತ್ತದೆ. ಹಾಲು ಹಿಂಡಿದ ತುರಿಯನ್ನು ಅದೇ ದಿನ ಪಲ್ಯ ಅಥವಾ ಚಟ್ನಿಗೆ ಬಳಸಬಹುದು.

ಕಾಯಿ ಹಾಲನ್ನು ರಭಸವಾಗಿ ಕುದಿಸಿದಲ್ಲಿ ಅದರಲ್ಲಿರುವ ಪ್ರೊಟೀನ್ ಹೆಪ್ಪುಗಟ್ಟಿ ಹಾಲು ಒಡೆಯುತ್ತದೆ. ಬಿಸಿ ಪಾನೀಯಗಳಲ್ಲಿ ಇತರ ಸಾಮಗ್ರಿಗಳು ಬೆಂದ ನಂತರ ಉರಿ ಸಣ್ಣಗೆ ಮಾಡಿ ಕೊನೆಯಲ್ಲಿ ಸೇರಿಸುವುದು ಸೂಕ್ತ. ಹಾಲು ಕೆಲಕಾಲ ಇಟ್ಟಾಗ ಕೆನೆ ಮೇಲೆ ಬರುವುದು ಸಹಜವಾಗಿದ್ದು, ಅದು ಕೆಟ್ಟಿರುವುದರ ಲಕ್ಷಣವಲ್ಲ. ಕಲಕಿ ಬಳಸಬಹುದು.

5. ಪಾನೀಯಗಳು

5.1 ಎಳನೀರು–ಗಂಜಿ ಪಾನೀಯ
ಎರಡು ಎಳನೀರನ್ನು ಸೋಸಿ, ಗಂಜಿಯೊಡನೆ ಮಿಕ್ಸಿಯಲ್ಲಿ ಅರೆಯಬೇಕು. ಒಂದು ಚಮಚ ನಿಂಬೆರಸ ಮತ್ತು ನಾಲ್ಕೈದು ಪುದೀನ ಎಲೆಗಳನ್ನು ಸೇರಿಸಬಹುದು. ಸಕ್ಕರೆ ಅಗತ್ಯವಿಲ್ಲ. ತಯಾರಿಸಿದ ಕೂಡಲೇ ಕುಡಿಯಬೇಕು.

5.2 ಬಲಿತ ಕಾಯಿಯ ನೀರಿನ ಪಾನಕ
ಎರಡು ಲೋಟ ಕಾಯಿ ನೀರಿಗೆ ಎರಡು ಚಮಚ ಪುಡಿ ಮಾಡಿದ ಬೆಲ್ಲ, ಅರ್ಧ ಚಮಚ ಜಜ್ಜಿದ ಶುಂಠಿ, ಚಿಟಿಕೆ ಏಲಕ್ಕಿ ಹಾಗೂ ಅರ್ಧ ಹೋಳು ನಿಂಬೆಯ ರಸ ಸೇರಿಸಿ ಕಲಕಿ ಸೋಸಬೇಕು. ಕಾಯಿ ಸಿಹಿಯಾಗಿದ್ದಲ್ಲಿ ಬೆಲ್ಲವನ್ನು ಕಡಿಮೆ ಮಾಡಬಹುದು.

5.3 ಬಾಳೆಹಣ್ಣಿನ ರಸಾಯನ
ಇಂದು ಪೇಟೆಗಳಲ್ಲಿ ಸ್ಮೂದಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಮಂದ ಪಾನೀಯಕ್ಕೆ ಹತ್ತಿರವಾದುದು ನಮ್ಮ ಕರಾವಳಿಯ ರಸಾಯನ. ನಾಲ್ಕು ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು, ಒಂದು ಲೋಟ ದಪ್ಪ ಹಾಲು, ಒಂದು ಲೋಟ ತೆಳು ಹಾಲು, 50 ಗ್ರಾಂ ಬೆಲ್ಲ ಮತ್ತು ಏಲಕ್ಕಿ ಪುಡಿ ಬೇಕಾಗುತ್ತದೆ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ, ಪೂರ್ಣವಾಗಿ ಆರಿದ ನಂತರ ಹಾಲಿಗೆ ಸೇರಿಸಬೇಕು. ಹಣ್ಣನ್ನು ಹೆಚ್ಚಿ ಹಾಕಿದಲ್ಲಿ ರಸಾಯನ. ಹಾಲಿನೊಡನೆ ಅರೆದಲ್ಲಿ ಕುಡಿಯುವ ಪಾನೀಯ. ಹುರಿದ ಎಳ್ಳನ್ನು ಮೇಲೆ ಉದುರಿಸಬಹುದು. ಬಾಳೆಯ ಬದಲಿಗೆ ಮಾವು ಅಥವಾ ಪಪ್ಪಾಯಿ ಹಣ್ಣನ್ನೂ ಬಳಸಬಹುದು.

5.4 ಮುರುಗಲು–ಕಾಯಿ ಹಾಲು
ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ ಎಂದು ಕರೆಯಲಾಗುವ ಹಣ್ಣಿನ ಒಣ ಸಿಪ್ಪೆಯನ್ನು ಬಳಸಿ ತಯಾರಿಸುವ ಈ ಪಾನೀಯವು ಕಾರವಾರ, ಗೋವಾ ಹಾಗೂ ಕೊಂಕಣದ ಮನೆಗಳಲ್ಲಿ ಸೋಲ್ ಕಢಿ ಎಂದು ಪ್ರಸಿದ್ಧವಾಗಿದೆ. ಹತ್ತು ಹನ್ನೆರಡು ಸಿಪ್ಪೆಗಳನ್ನು ಒಂದು ಲೋಟ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ ಸೋಸಬೇಕು. ಎರಡು ಲೋಟ ಕಾಯಿ ಹಾಲಿಗೆ ಈ ರಸವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಉಪ್ಪು, ಒಂದು ಹಸಿಮೆಣಸಿನಕಾಯಿ, ಎರಡು ಎಸಳು ಜಜ್ಜಿದ ಬೆಳ್ಳುಳ್ಳಿ ಮತ್ತು ಕೊತ್ತಂಬರಿ ಸೊಪ್ಪು ಹಾಕಬೇಕು. ಇದನ್ನು ಬಿಸಿ ಮಾಡಬಾರದು.

5.5 ರಾಗಿ–ಕಾಯಿ ಹಾಲು
ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಎರಡು ಲೋಟ ಕುದಿಯುವ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಬೇಕು. ಕೆಳಗಿಳಿಸಿ ಬೆಚ್ಚಗಾದ ನಂತರ ಒಂದು ಲೋಟ ತೆಳು ಹಾಲು ಮತ್ತು ರುಚಿಗೆ ತಕ್ಕಷ್ಟು ಬೆಲ್ಲ ಸೇರಿಸಬೇಕು. ಕಾಯಿ ಹಾಲಿನಲ್ಲಿ ಕಡಿಮೆ ಇರುವ ಕ್ಯಾಲ್ಸಿಯಂ ಅಂಶವು ರಾಗಿಯಿಂದ ದೊರೆಯುತ್ತದೆ.

6. ಸಂಗ್ರಹಣೆ

• ತೆರೆದ ಎಳನೀರು, ಕಾಯಿ ಹಾಲು ಹಾಗೂ ಇವುಗಳಿಂದ ತಯಾರಿಸಿದ ಪಾನೀಯಗಳನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು. ಬೇಸಿಗೆಯಲ್ಲಿ ಈ ಅವಧಿಯನ್ನು ಒಂದು ಗಂಟೆಗೆ ಇಳಿಸುವುದು ಸೂಕ್ತ.
• ಮುಚ್ಚಿದ ಪಾತ್ರೆಯಲ್ಲಿ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಬೇಕು.
• ವಿದ್ಯುತ್ ಕಡಿತ ಹೆಚ್ಚಾಗಿರುವ ಕಡೆಗಳಲ್ಲಿ ಫ್ರಿಜ್ ಅನ್ನು ನಂಬಿ ಸಂಗ್ರಹಿಸುವ ಬದಲು, ಕಾಯಿಯನ್ನು ಒಡೆಯದೆ ಇಟ್ಟುಕೊಳ್ಳುವುದೇ ಸುರಕ್ಷಿತ.
• ಎಳನೀರು ಗಾಳಿಗೆ ತೆರೆದಿಟ್ಟಾಗ ನಸುಗೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುವುದುಂಟು. ಇದು ಅದರಲ್ಲಿರುವ ಕಿಣ್ವಗಳಿಂದ ಆಗುವ ಬದಲಾವಣೆ. ಆದರೆ ತಾಜಾತನ ಕಳೆದಿರುವುದರ ಸೂಚನೆಯೂ ಆಗಿರುವುದರಿಂದ ಅಂತಹ ನೀರನ್ನು ಸಂಗ್ರಹಿಸಬಾರದು.

ಕುದಿಸಿ ಬಾಟಲಿಗೆ ತುಂಬಿ ಮುಚ್ಚಳ ಹಾಕಿದಲ್ಲಿ ಪಾನೀಯವು ತಿಂಗಳುಗಟ್ಟಲೆ ಕೆಡುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಉಪ್ಪಿನಕಾಯಿ ಮುಂತಾದ ಹುಳಿ ಪದಾರ್ಥಗಳಿಗೆ ಅನ್ವಯಿಸುವ ವಿಧಾನ ಇದಕ್ಕೆ ಅನ್ವಯಿಸುವುದಿಲ್ಲ. ಪಿಎಚ್ ಮೌಲ್ಯ 4.6ಕ್ಕಿಂತ ಹೆಚ್ಚಿರುವ ಆಹಾರದಲ್ಲಿ, ಗಾಳಿಯಿಲ್ಲದ ಬಾಟಲಿಯೊಳಗೆ, ಮಾರಕ ವಿಷ ಉತ್ಪಾದಿಸುವ ಬಾಟುಲಿನಮ್ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಇದರ ಬೀಜಾಣುಗಳು ಸಾಮಾನ್ಯ ಕುದಿತಕ್ಕೆ ಸಾಯುವುದಿಲ್ಲ. ಎಳನೀರು ಮತ್ತು ಕಾಯಿ ಹಾಲು ಈ ವರ್ಗಕ್ಕೆ ಸೇರಿವೆ. ಅಂಗಡಿಯಲ್ಲಿ ದೊರೆಯುವ ಡಬ್ಬಿ ಅಥವಾ ಪೊಟ್ಟಣದ ಎಳನೀರು ದೀರ್ಘಕಾಲ ಉಳಿಯಲು ಕಾರ್ಖಾನೆಯಲ್ಲಿನ ವಿಶೇಷ ಸಂಸ್ಕರಣೆಯೇ ಕಾರಣ. ಇಂತಹ ತಂತ್ರಜ್ಞಾನವನ್ನು ತೆಂಗು ಅಭಿವೃದ್ಧಿ ಮಂಡಳಿಯ ಸಹಯೋಗದಲ್ಲಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ರೂಪಿಸಿತು.

ಕೆಟ್ಟ ಎಳನೀರನ್ನು ಲಘುವಾಗಿ ಪರಿಗಣಿಸಬಾರದು. ಡೆನ್ಮಾರ್ಕ್ ದೇಶದಲ್ಲಿ, ಹೊರಸಿಪ್ಪೆ ತೆಗೆದು ಕೊಳವೆ ತೂರಿಸಲು ಮೊದಲೇ ರಂಧ್ರ ಮಾಡಿದ್ದ ಕಾಯಿಯೊಂದನ್ನು ಸುಮಾರು ಒಂದು ತಿಂಗಳು ಫ್ರಿಜ್‌ನ ಹೊರಗೆ ಇಡಲಾಗಿತ್ತು. ಅದರ ನೀರನ್ನು ಅಲ್ಪ ಪ್ರಮಾಣದಲ್ಲಿ ಕುಡಿದ 69 ವರ್ಷದ ವ್ಯಕ್ತಿಯೊಬ್ಬರು ಮರುದಿನವೇ ಮೃತಪಟ್ಟರು. ಕಾಯಿಯೊಳಗೆ ಬೆಳೆದ ಶಿಲೀಂಧ್ರವು ಉತ್ಪಾದಿಸಿದ 3-ನೈಟ್ರೊಪ್ರೊಪಿಯಾನಿಕ್ ಆಮ್ಲವೆಂಬ ವಿಷ ಇದಕ್ಕೆ ಕಾರಣವೆಂದು 2021ರಲ್ಲಿ ಪ್ರಕಟವಾದ ವೈದ್ಯಕೀಯ ವರದಿಯು ತಿಳಿಸಿತು. ಇಂತಹ ಪ್ರಕರಣ ಅಪರೂಪವಾದರೂ, ಸಿಪ್ಪೆ ತೆಗೆದ ಎಳನೀರನ್ನು ಫ್ರಿಜ್‌ನಲ್ಲಿಯೇ ಇಡಬೇಕು ಹಾಗೂ ರುಚಿ ಕೆಟ್ಟಿದ್ದಲ್ಲಿ ಕೂಡಲೇ ಉಗುಳಬೇಕು.

7. ಎಚ್ಚರ ವಹಿಸಬೇಕಾದವರು

ಮೂತ್ರಪಿಂಡದ ಕಾಯಿಲೆ ಇರುವವರು ಹಾಗೂ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿಸುವ ಔಷಧಿ ಸೇವಿಸುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಎಳನೀರು ಸೇವಿಸಬಾರದು. ಮಧುಮೇಹ ಇರುವವರು ಬೆಲ್ಲವೂ ಸಕ್ಕರೆಯಂತೆಯೇ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಆರು ತಿಂಗಳೊಳಗಿನ ಶಿಶುಗಳಿಗೆ ತಾಯಿಯ ಹಾಲಿನ ಬದಲಿಗೆ ಕಾಯಿ ಹಾಲನ್ನಾಗಲಿ ಎಳನೀರನ್ನಾಗಲಿ ನೀಡಬಾರದು. ತೀವ್ರ ವಾಂತಿ–ಭೇದಿಯಲ್ಲಿ ಎಳನೀರು ಓಆರ್‌ಎಸ್ ದ್ರಾವಣಕ್ಕೆ ಪರ್ಯಾಯವಲ್ಲ. ದೇಹ ಕಳೆದುಕೊಂಡ ಸೋಡಿಯಂ ಅನ್ನು ತುಂಬುವಷ್ಟು ಪ್ರಮಾಣ ಅದರಲ್ಲಿಲ್ಲ.

8. ಮಾರಾಟ ಮಾಡಲು ಇಚ್ಛಿಸುವವರಿಗೆ

ಮನೆಯಲ್ಲಿ ತಯಾರಿಸಿದ ಪಾನೀಯವನ್ನು ಮನೆಯವರು ಸೇವಿಸಲು ಯಾವುದೇ ಅನುಮತಿ ಅಗತ್ಯವಿಲ್ಲ. ಆದರೆ ಗಾಡಿ, ಅಂಗಡಿ, ಸಂತೆ ಅಥವಾ ಮನೆಯಿಂದಲೇ ಮಾರಾಟ ಮಾಡುವವರಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಅನ್ವಯಿಸುತ್ತದೆ. ಕಾಯ್ದೆಯ 31ನೇ ಪ್ರಕರಣದಂತೆ ಸಣ್ಣ ತಯಾರಕರು ನೋಂದಣಿಯನ್ನೂ ದೊಡ್ಡ ಪ್ರಮಾಣದವರು ಪರವಾನಗಿಯನ್ನೂ ಪಡೆಯತಕ್ಕದ್ದು. ಸ್ವಸಹಾಯ ಗುಂಪುಗಳ ಮಹಿಳೆಯರು ಇದನ್ನು ವಿಶೇಷವಾಗಿ ಗಮನಿಸುವುದು.

• ಅರ್ಜಿಯನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದ ಮೂಲಕ ಸಲ್ಲಿಸಬೇಕು. ವಹಿವಾಟಿನ ಮಿತಿ ಹಾಗೂ ಶುಲ್ಕದ ವಿವರಗಳು ಅಲ್ಲಿಯೇ ದೊರೆಯುತ್ತವೆ.
• ಅರ್ಜಿದಾರರ ಭಾವಚಿತ್ರ ಮತ್ತು ಗುರುತಿನ ದಾಖಲೆಯನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಬಳಸುವ ನೀರಿನ ಗುಣಮಟ್ಟವನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಉತ್ತಮ.
• ನೋಂದಣಿಯಾದ ನಂತರ ದೊರೆಯುವ 14 ಅಂಕಿಗಳ ಸಂಖ್ಯೆಯನ್ನು ಮಾರಾಟದ ಸ್ಥಳದಲ್ಲಿ ಪ್ರದರ್ಶಿಸಬೇಕು.
• ಬಾಟಲಿಯಲ್ಲಿ ತುಂಬಿ ಮಾರುವುದಾದರೆ ಪಾನೀಯದ ಹೆಸರು, ಸಾಮಗ್ರಿಗಳ ಪಟ್ಟಿ, ನಿವ್ವಳ ಪ್ರಮಾಣ, ತಯಾರಿಸಿದ ದಿನಾಂಕ, ಬಳಕೆಯ ಕೊನೆಯ ದಿನಾಂಕ, ತಯಾರಕರ ವಿಳಾಸ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳನ್ನು ಲೇಬಲ್‌ನಲ್ಲಿ ನಮೂದಿಸಬೇಕು.

ನೋಂದಣಿ ಇದ್ದ ಮಾತ್ರಕ್ಕೆ ಪಾನೀಯ ಕೆಡದೆ ಇರುವುದಿಲ್ಲ. ಶೀತಲ ವ್ಯವಸ್ಥೆ ಇಲ್ಲದವರು ಗಿರಾಕಿಯ ಎದುರಿನಲ್ಲಿಯೇ ಕಾಯಿ ತೆರೆದು ಪಾನೀಯ ತಯಾರಿಸಿ ಕೊಡುವ ಕ್ರಮವನ್ನು ಅನುಸರಿಸುವುದು ಸೂಕ್ತ. ಒಂದು ಬಾಟಲಿಯಿಂದ ಒಬ್ಬರ ಆರೋಗ್ಯ ಕೆಟ್ಟರೂ ಗುಂಪಿನ ಎಲ್ಲ ಸದಸ್ಯರ ಜೀವನೋಪಾಯಕ್ಕೆ ಧಕ್ಕೆಯಾಗುತ್ತದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೀರಾ ಸಹ ತೆಂಗಿನ ಪಾನೀಯವಲ್ಲವೇ? ಅದನ್ನು ಮನೆಯಲ್ಲಿ ಇಳಿಸಬಹುದೇ?
ಉತ್ತರ: ನೀರಾ ಹೊಂಬಾಳೆಯಿಂದ ಇಳಿಸುವ ರಸವಾಗಿದ್ದು, ತಂಪಾಗಿಡದಿದ್ದಲ್ಲಿ ಕೆಲವೇ ಗಂಟೆಗಳಲ್ಲಿ ಹುದುಗಿ ಹೆಂಡವಾಗುತ್ತದೆ. ಆದುದರಿಂದ ಅದಕ್ಕೆ ಅಬಕಾರಿ ನಿಯಮಗಳಡಿ ಪ್ರತ್ಯೇಕ ಪರವಾನಗಿ ಅಗತ್ಯ.

ಪ್ರಶ್ನೆ: ಒಣ ಕೊಬ್ಬರಿಯಿಂದ ಕಾಯಿ ಹಾಲು ತೆಗೆಯಬಹುದೇ?
ಉತ್ತರ: ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಾಗಿದ್ದು ನೀರಿನ ಅಂಶ ಅತಿ ಕಡಿಮೆ. ಪಾನೀಯಕ್ಕೆ ಹಸಿ ಕಾಯಿಯೇ ಸೂಕ್ತ.

ಪ್ರಶ್ನೆ: ಖರೀದಿಸಿದ ಪಾನೀಯ ಕೆಟ್ಟಿದ್ದಲ್ಲಿ ಯಾರಿಗೆ ದೂರು ನೀಡಬೇಕು?
ಉತ್ತರ: ಸ್ಥಳೀಯ ಆಹಾರ ಸುರಕ್ಷತಾ ಅಧಿಕಾರಿ ಅಥವಾ ಜಿಲ್ಲೆಯ ಅಂಕಿತ ಅಧಿಕಾರಿಗಳಿಗೆ ದೂರು ಸಲ್ಲಿಸಬಹುದು. ಖರೀದಿಸಿದ ರಸೀದಿ ಮತ್ತು ಬಾಟಲಿಯನ್ನು ಉಳಿಸಿಕೊಳ್ಳಬೇಕು. ಕಾಯ್ದೆಯ 40ನೇ ಪ್ರಕರಣದಂತೆ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕನ್ನು ಹೊಂದಿರುತ್ತಾರೆ.

10. ಹೆಚ್ಚಿನ ಮಾಹಿತಿಗೆ

ತೆಂಗಿನ ತಳಿ ಮತ್ತು ಬೇಸಾಯದ ಬಗ್ಗೆ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರನ್ನು, ಸಂಸ್ಕರಣೆಯ ತರಬೇತಿಗಾಗಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ತೆಂಗು ಅಭಿವೃದ್ಧಿ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿಯನ್ನು, ನೋಂದಣಿಗಾಗಿ ಜಿಲ್ಲೆಯ ಅಂಕಿತ ಅಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಅರ್ಜಿ ಸಲ್ಲಿಸಲು ಮಧ್ಯವರ್ತಿಗಳ ಅವಶ್ಯಕತೆ ಇರುವುದಿಲ್ಲ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.