ಗುಟ್ಟಿನ ಬೆಲೆ: ಅಂಚೆ ಕಾರ್ಡಿನಿಂದ ಆಧಾರ್‌ವರೆಗೆ

ಅಣಶಿಯ ಸುತ್ತಲಿನ ಪ್ರತಿ ಊರಿಗೂ ಒಂದೊಂದು ರೇಂಜಿನ ಜಾಗ ಇರುತ್ತಿತ್ತು. ಒಂದು ಊರಿಗೆ ರಸ್ತೆಯ ತಿರುವು, ಇನ್ನೊಂದಕ್ಕೆ ಬೇಣದ ಮೇಲಿನ ಬಂಡೆ, ಮತ್ತೊಂದಕ್ಕೆ ಗದ್ದೆಯ ಆಚೆಗಿನ ಮತ್ತಿಮರದ ಬುಡ. ಮೊಬೈಲ್ ಕೈಗೆ ಬಂದು ಎಷ್ಟೋ ವರ್ಷ ಕಳೆದರೂ ಮನೆಯೊಳಗೆ ಅದು ಗಡಿಯಾರವಾಗಿ, ಟಾರ್ಚ್ ಆಗಿ ಮಾತ್ರ ಕೆಲಸ ಮಾಡುತ್ತಿತ್ತು. ಮಾತಾಡಬೇಕೆಂದರೆ ಸಂಜೆ ಹೊತ್ತು ಆ ಜಾಗಕ್ಕೇ ನಡೆಯಬೇಕು. ಅಲ್ಲಿ ಆಗಲೇ ನಾಲ್ಕೈದು ಮಂದಿ ಇರುತ್ತಿದ್ದರು. ಗೋವೆಯಲ್ಲಿ ದುಡಿಯುವ ಮಗನಿಗೆ ತಾಯಿ ಸೊಸೈಟಿ ಸಾಲದ ಕಂತಿನ ಸಂಗತಿ ಹೇಳುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬರು ತಂಗಿಯ ಸಂಬಂಧ ಮುರಿದುಬಿದ್ದದ್ದನ್ನು ವಿವರಿಸುತ್ತಿದ್ದರು. ಸಿಗ್ನಲ್ ಕಡಿಮೆಯಾದಷ್ಟೂ ದನಿ ಜೋರಾಗುತ್ತಿತ್ತು. ಉಳಿದವರು ಮರ ನೋಡುತ್ತ, ಕಾಲಬುಡದ ಜಿಗಣೆ ಕೀಳುತ್ತ, ಕೇಳಿಯೂ ಕೇಳದಂತೆ ನಿಂತಿರುತ್ತಿದ್ದರು.

ಹಳ್ಳಿಯವರಿಗೆ ಖಾಸಗಿತನದ ಕಲ್ಪನೆ ಇಲ್ಲ, ಅದು ಪಟ್ಟಣದ ಓದಿದವರ ಚಿಂತೆ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಈ ದೃಶ್ಯ. ಕೇಳಿಯೂ ಕೇಳದಂತಿರುವುದು ಒಂದು ಮರ್ಯಾದೆ. ಯಾರೂ ಬರೆದಿಡದ ಈ ಕಾನೂನನ್ನು ಎಲ್ಲರೂ ಪಾಲಿಸುತ್ತಿದ್ದರು. ದೂರಸಂಪರ್ಕದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಬರೆಯುತ್ತಾರೆ. ಬಳಸಿದ ಜನ ಅದನ್ನು ಎಷ್ಟು ನಂಬಿದರು, ಎಲ್ಲಿ ಅನುಮಾನಪಟ್ಟರು, ತಮ್ಮ ಮಾತನ್ನು ಯಾರ ಕಿವಿಯಿಂದ ಕಾಪಾಡಿಕೊಂಡರು ಎಂಬುದೂ ಅದರ ಭಾಗವೇ.

ಅಂಚೆಯಿಂದ ಶುರು ಮಾಡೋಣ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮೈಸೂರು ಸಂಸ್ಥಾನಕ್ಕೆ 1889ರವರೆಗೆ ತನ್ನದೇ ಅಂಚೆ ಇದ್ದರೆ, ನಮ್ಮ ಕಡೆ ಬಂದದ್ದು ನೇರವಾಗಿ ಬ್ರಿಟಿಷರ ಅಂಚೆ. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಶುರುವಾಯಿತು. ಬಡವನ ಕೈಗೆಟಕುವ ಮೊದಲ ಪತ್ರ ಅದೇ, ಆದರೆ ಅದು ತೆರೆದ ಪತ್ರ. ಅಂಚೆ ಮಾಸ್ತರರು ಓದಬಹುದು, ಹಂಚುವವನು ಓದಬಹುದು, ಅಂಗಡಿಕಟ್ಟೆಯಲ್ಲಿ ಇಟ್ಟುಹೋದರೆ ಊರೇ ಓದಬಹುದು. ಜನ ಅದಕ್ಕೆ ತಕ್ಕ ಭಾಷೆಯನ್ನು ರೂಢಿಸಿಕೊಂಡರು. 'ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು' ಎಂಬ ಒಕ್ಕಣೆಯೊಳಗೆ ಜಗಳ, ಕಾಯಿಲೆ, ಸಾಲ ಎಲ್ಲವೂ ಅಡಗಿ ಕೂರುತ್ತಿದ್ದವು. 'ಉಳಿದ ಸಂಗತಿ ಸಮಕ್ಷಮದಲ್ಲಿ' ಎಂದರೆ ಇಲ್ಲಿ ಬರೆಯಲಾಗದ್ದು ಇದೆ ಎಂದು ಓದುವವರಿಗೆ ತಿಳಿಯುತ್ತಿತ್ತು. ಸಾವಿನ ಸುದ್ದಿಯ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕುವ ರೂಢಿಯೂ ಇತ್ತು.

ಸ್ವಾತಂತ್ರ್ಯದ ನಂತರ, 1950ರಲ್ಲಿ, ಇನ್‌ಲ್ಯಾಂಡ್ ಪತ್ರ ಬಂತು. ಮೂರು ಮಡಿಕೆ, ಅಂಚಿಗೆ ಅಂಟು. ಬೆಲೆ ಕಾರ್ಡಿಗಿಂತ ಹೆಚ್ಚು. ಈ ವ್ಯತ್ಯಾಸ ಕೊನೆಯವರೆಗೂ ಉಳಿಯಿತು: ಈ ಶತಮಾನದಲ್ಲಿ ಬಹುಕಾಲ ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡಿಗೆ 2 ರೂಪಾಯಿ 50 ಪೈಸೆ, ಲಕೋಟೆಗೆ 5 ರೂಪಾಯಿ. ಗುಟ್ಟಿಗೆ ಒಂದು ಬೆಲೆಯಿದೆ ಎಂಬುದು ನಮ್ಮ ಅಜ್ಜಂದಿರಿಗೆ ಪೋಸ್ಟಾಫೀಸಿನ ಕಿಟಕಿಯಲ್ಲೇ ಗೊತ್ತಾಗಿತ್ತು. ಅಗ್ಗವಾದದ್ದು ತೆರೆದಿರುತ್ತದೆ, ಮುಚ್ಚಿದ್ದು ಬೇಕೆಂದರೆ ಹೆಚ್ಚು ಕೊಡಬೇಕು.

ತಂತಿಯ ಕಥೆ ಬೇರೆ. ಅದು ಹುಟ್ಟಿನಿಂದಲೇ ಸರಕಾರದ ಸೊತ್ತು. ನಮ್ಮ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಆಗ ಪೋರ್ಚುಗೀಸ್ ಗೋವೆಯ ಗಡಿಯ ರೈಲು ನಿಲ್ದಾಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು ಹಳಿಯ ಜೊತೆಗೇ ತಂತಿಕಂಬಗಳೂ ಈ ಕಾಡಿಗೆ ಬಂದವು. ಅದಕ್ಕೆ ಸ್ವಲ್ಪ ಮುಂಚೆ ಬಂದದ್ದು 1885ರ ಟೆಲಿಗ್ರಾಫ್ ಕಾಯ್ದೆ. ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣಕ್ಕೆ ಯಾವ ಸಂದೇಶವನ್ನಾದರೂ ತಡೆಯುವ, ನೋಡುವ ಅಧಿಕಾರವನ್ನು ಅದರ 5ನೆಯ ಸೆಕ್ಷನ್ ಸರಕಾರಕ್ಕೆ ಕೊಟ್ಟಿತು. 1857ರ ದಂಗೆಯ ನೆನಪು ಇನ್ನೂ ಹಸಿಯಾಗಿದ್ದ ಆಳರಸರಿಗೆ ಅದು ಬೇಕಾಗಿತ್ತು. ಜನರೂ ತಂತಿಯನ್ನು ಆಳರಸರ ನರವೆಂದೇ ಕಂಡರು. 1942ರ ಚಳವಳಿಯಲ್ಲಿ ಬೆಳಗಾವಿ, ಧಾರವಾಡ ಸೀಮೆಯಲ್ಲಿ ಹೋರಾಟಗಾರರು ತಂತಿ ಕತ್ತರಿಸಿದ್ದು ಅದಕ್ಕೇ.

ಸಾಮಾನ್ಯರ ಮನೆಯಲ್ಲಿ 'ತಂತಿ ಬಂತು' ಎಂದರೆ ಎದೆ ಧಸಕ್ಕೆನ್ನುತ್ತಿತ್ತು. ಪದಕ್ಕಿಷ್ಟು ದುಡ್ಡು ಕೊಟ್ಟು ಯಾರೂ ಸುಮ್ಮನೆ ಕ್ಷೇಮಸಮಾಚಾರ ಕೇಳುತ್ತಿರಲಿಲ್ಲ. ಬಂದ ಸಂದೇಶ ಇಂಗ್ಲಿಷಿನಲ್ಲಿ. ಅದನ್ನು ಓದಿ ಹೇಳುವವನು ಅಂಚೆಯವನು, ಇಲ್ಲವೇ ಶಾಲೆಯ ಮಾಸ್ತರು. ಮನೆಯವರಿಗಿಂತ ಮೊದಲು ಆ ಸಾವಿನ ಸುದ್ದಿ ಕನಿಷ್ಠ ಮೂರು ಜನಕ್ಕೆ ಗೊತ್ತಿರುತ್ತಿತ್ತು. ಆದರೂ ತಂತಿ ಇಲಾಖೆಯವರು ಊರೆಲ್ಲ ಹೇಳುತ್ತಾ ಹೋಗುತ್ತಾರೆಂಬ ದೂರು ಹಿರಿಯರ ಬಾಯಲ್ಲಿ ನಾನು ಕೇಳಿದವನಲ್ಲ. ಓದುವವನ ಮುಖ ಪರಿಚಯವಿತ್ತು. ತಪ್ಪಿದರೆ ಕೇಳಬಹುದಾಗಿತ್ತು. ಆ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು.

ಟೆಲಿಫೋನಿನ ಹಳೆಯ ದಿನಗಳಲ್ಲೂ ನಡುವೆ ಒಬ್ಬ ಮನುಷ್ಯನಿದ್ದ. ಟ್ರಂಕ್ ಕಾಲ್ ಬುಕ್ ಮಾಡಿ, ಗಂಟೆಗಟ್ಟಲೆ ಕಾದು, ಕೊನೆಗೆ ಎಕ್ಸ್‌ಚೇಂಜಿನ ಆಪರೇಟರು ಪಿನ್ನು ಚುಚ್ಚಿ ಎರಡು ಊರುಗಳನ್ನು ಜೋಡಿಸಬೇಕು. ಕಿವಿಗೆ ಇಟ್ಟುಕೊಂಡರೆ ಅವರಿಗೆ ಎಲ್ಲವೂ ಕೇಳುತ್ತಿತ್ತು. ಇದು ಬದಲಾದದ್ದರಲ್ಲಿ ನಮ್ಮ ಪಕ್ಕದ ಕಿತ್ತೂರಿಗೆ ಒಂದು ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ಲೈನುಗಳ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರೂಪಿಸಿತು. ಹವಾನಿಯಂತ್ರಣವಿಲ್ಲದೆ, ಧೂಳು ಸೆಕೆಯಲ್ಲೂ ನಡೆಯುವ ಯಂತ್ರ ಅದು. ಅದರ ಮೊದಲನೆಯದು 1986ರಲ್ಲಿ ಕೆಲಸ ಆರಂಭಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಸ್ವದೇಶಿ ತಂತ್ರಜ್ಞಾನದ ಸಾಧನೆ ಎಂದು ಅದನ್ನು ಹೊಗಳುತ್ತೇವೆ, ಸರಿಯೇ. ಇನ್ನೊಂದು ಸಂಗತಿಯೂ ಅದರಿಂದ ಆಯಿತು: ಹಳ್ಳಿಯ ಇಬ್ಬರ ಮಾತಿನ ನಡುವೆ ಕೂತಿದ್ದ ಮೂರನೆಯ ಕಿವಿ ಎದ್ದುಹೋಯಿತು.

ಹಾಗೆಂದು ನಾವು ತಿಳಿದುಕೊಂಡೆವು. ಎರಡೇ ವರ್ಷದಲ್ಲಿ ಟೆಲಿಫೋನ್ ಕದ್ದಾಲಿಕೆಯ ಹಗರಣ ರಾಜ್ಯವನ್ನು ಅಲ್ಲಾಡಿಸಿತು. ರಾಜಕಾರಣಿಗಳ ಫೋನುಗಳನ್ನು ಕದ್ದು ಕೇಳಲಾಗಿದೆ ಎಂಬ ಆರೋಪದ ನಡುವೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಹೆಗಡೆಯವರು ನಮ್ಮ ಜಿಲ್ಲೆಯವರೇ, ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು. ಫೋನೇ ಇಲ್ಲದ ಎಷ್ಟೋ ಮನೆಗಳಲ್ಲಿ ಆ ಮಳೆಗಾಲ 'ಕದ್ದಾಲಿಕೆ' ಎಂಬ ಪದದ ಚರ್ಚೆ ನಡೆಯಿತು. ಕದ್ದು ತಿನ್ನುವುದು ಗೊತ್ತಿತ್ತು, ಕದ್ದು ಕೇಳುವುದಕ್ಕೆ ಒಂದು ಸರಕಾರವೇ ನಡುಗುತ್ತದೆ ಎಂದು ಜನಕ್ಕೆ ತಿಳಿದದ್ದು ಆಗ. ಅದೇ ಕಾಲದಲ್ಲಿ ದಿಲ್ಲಿಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ಜನರ ಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನು ಹಿಗ್ಗಿಸುವ 1986ರ ಅಂಚೆ ತಿದ್ದುಪಡಿ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾದರೂ, ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಹಾಕದೆ, ವಾಪಸ್ಸೂ ಕಳಿಸದೆ ಇಟ್ಟುಕೊಂಡರು. ಅದು ಕಾನೂನಾಗಲೇ ಇಲ್ಲ. ಮುಂದೆ 1996ರ ಡಿಸೆಂಬರಿನಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನೆಯಲ್ಲೋ ಕಚೇರಿಯಲ್ಲೋ ಆಡುವ ಫೋನ್ ಮಾತು ಖಾಸಗಿತನದ ಹಕ್ಕಿನೊಳಗೆ ಬರುತ್ತದೆ ಎಂದಿತು. ಕದ್ದಾಲಿಕೆಯ ಆದೇಶವನ್ನು ಗೃಹ ಕಾರ್ಯದರ್ಶಿಯ ಮಟ್ಟದಲ್ಲೇ ಕೊಡಬೇಕು, ಅದು ಎರಡು ತಿಂಗಳಿಗೆ ಸೀಮಿತ, ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು ಎಂದು ಕಟ್ಟುಪಾಡು ಹಾಕಿತು. ಆಮೇಲೂ ಕದ್ದಾಲಿಕೆಯ ಆರೋಪ ನಿಲ್ಲಲಿಲ್ಲ. 2019ರಲ್ಲಿ ಕರ್ನಾಟಕದ ಇಂಥದೇ ಪ್ರಕರಣವೊಂದು ಸಿಬಿಐ ತನಿಖೆಗೆ ಹೋಯಿತು.

ನಮ್ಮಂಥವರ ಪಾಲಿಗೆ ತೊಂಬತ್ತರ ದಶಕವೆಂದರೆ ಎಸ್‌ಟಿಡಿ ಬೂತು. ದಾಂಡೇಲಿ, ಹಳಿಯಾಳದ ಪೇಟೆಗಳಲ್ಲಿ ಹಳದಿ ಬೋರ್ಡು, ಗಾಜಿನ ಗೂಡು, ಒಳಗೊಂದು ಫ್ಯಾನು. ರಾತ್ರಿಯಾದಂತೆ ದರ ಇಳಿಯುತ್ತಿತ್ತು, ಹೊರಗೆ ಸರದಿ ಬೆಳೆಯುತ್ತಿತ್ತು. ಬಾಗಿಲು ಎಳೆದುಕೊಂಡರೆ ಸಿಗುವ ಆ ಮೂರಡಿ ಜಾಗದಲ್ಲಿ ಎಷ್ಟು ಜನ ಜೀವನದಲ್ಲಿ ಮೊದಲ ಬಾರಿಗೆ ಯಾರ ಎದುರಿಗೂ ಅಲ್ಲದೆ ಅತ್ತಿರಬಹುದು! ಎಣಿಕೆ ಯಂತ್ರದ ಕೆಂಪು ಅಂಕಿ ಓಡುತ್ತಿತ್ತು. ಇಲ್ಲಿಯೂ ಗುಟ್ಟಿಗೆ ಬೆಲೆಯಿತ್ತು, ಆದರೆ ಅದು ಕಣ್ಣೆದುರಿನ ಬೆಲೆ.

ನಂತರದ ವೇಗ ಎಲ್ಲರಿಗೂ ಗೊತ್ತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ. ಆಗ ಬರುವ ಕರೆಗೂ ದುಡ್ಡು ತೆರಬೇಕಿತ್ತು, ಅದು ತಪ್ಪಿದ್ದು 2003ರಲ್ಲಿ. ಆಮೇಲೆ 'ಮಿಸ್ಡ್ ಕಾಲ್' ಎಂಬ ಬಿಟ್ಟಿ ಭಾಷೆ. 2011ರಲ್ಲಿ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾದ ದರ ಕುಸಿದು, ಮಾತಿಗೆ ಪ್ರತ್ಯೇಕ ದರವೇ ಹೋಯಿತು. ಗ್ರಾಹಕರಾಗಿ ನಾವು ಆಡಿಕೊಂಡದ್ದೆಲ್ಲ ಎರಡೇ ವಿಷಯ: ರೇಂಜ್ ಎಲ್ಲಿದೆ, ಪ್ಯಾಕ್ ಎಷ್ಟಕ್ಕಿದೆ. ಕಾರ್ಡಿಗಿಂತ ಇನ್‌ಲ್ಯಾಂಡಿಗೆ ಹೆಚ್ಚು ಕೊಟ್ಟಿದ್ದ ಜನ, ಇಷ್ಟು ಅಗ್ಗವಾದದ್ದು ಎಲ್ಲಿ ತೆರೆದಿದೆ ಎಂದು ಕೇಳಲು ಮರೆತೆವು.

ಅದು ತೆರೆದಿದ್ದುದು ಹೆಬ್ಬೆಟ್ಟಿನ ಬಳಿ. ಹೆಬ್ಬೆಟ್ಟು ಒತ್ತುವುದೆಂದರೆ ನಮ್ಮ ಹಿರಿಯರಿಗೆ ದೊಡ್ಡ ಭಯ. ಸಾವುಕಾರನ ಕಾಗದಕ್ಕೆ ಒತ್ತಿದ ಒಂದು ಗುರುತಿನಿಂದ ಗದ್ದೆ ಕಳೆದುಕೊಂಡ ಕಥೆಗಳು ಪ್ರತಿ ಊರಿನಲ್ಲೂ ಇವೆ. ಅಂಥವರ ಮೊಮ್ಮಕ್ಕಳು ಸಂತೆಯ ಕೊಡೆಯ ಕೆಳಗೆ, ಸಿಮ್ ಮಾರುವ ಹುಡುಗನ ಪುಟ್ಟ ಯಂತ್ರಕ್ಕೆ, ಏನು ಎತ್ತ ಕೇಳದೆ ಹೆಬ್ಬೆಟ್ಟು ಕೊಟ್ಟರು. ನಾನೂ ಕೊಟ್ಟೆ. 2017ರ ಮಾರ್ಚ್‌ನಲ್ಲಿ ದೂರಸಂಪರ್ಕ ಇಲಾಖೆ ಎಲ್ಲ ಮೊಬೈಲ್ ನಂಬರುಗಳಿಗೂ ಆಧಾರ್ ಜೋಡಿಸಬೇಕೆಂದು ಸುತ್ತೋಲೆ ಹೊರಡಿಸಿತು. ಜೋಡಿಸದಿದ್ದರೆ ನಂಬರು ಬಂದ್ ಎಂಬ ಸಂದೇಶಗಳು ಮೇಲಿಂದ ಮೇಲೆ ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಸಂಗತಿ ಬಯಲಾಯಿತು: ಸಿಮ್ ಪರಿಶೀಲನೆಗೆಂದು ಪಡೆದ ಆಧಾರ್ ಬಳಸಿ ಮೊಬೈಲ್ ಕಂಪನಿಯೊಂದರ ಪಾವತಿ ಬ್ಯಾಂಕಿನಲ್ಲಿ ಗ್ರಾಹಕರಿಗೆ ಗೊತ್ತಿಲ್ಲದಂತೆ ಖಾತೆ ತೆರೆಯಲಾಗಿತ್ತು. ಗ್ಯಾಸಿನ ಸಬ್ಸಿಡಿ ಆ ಖಾತೆಗಳಿಗೆ ಹೋಗಿ ಬಿದ್ದಿತ್ತು. ಆಧಾರ್ ಪ್ರಾಧಿಕಾರ ಆ ಕಂಪನಿಯ ಪರಿಶೀಲನಾ ಪರವಾನಗಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಸಾವುಕಾರನ ಕಾಗದದ ಹಳೆಯ ಕಥೆ ಹೊಸ ವೇಷದಲ್ಲಿ ಬಂದಿತ್ತು.

ಈ ಹೊತ್ತಿಗೆ ಬೆಂಗಳೂರಿನ ಹಿರಿಯರೊಬ್ಬರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ಐದು ವರ್ಷ ಕಳೆದಿತ್ತು. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 1977ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿ, 1986ರಲ್ಲಿ ನಿವೃತ್ತರಾದವರು. ಆಗಿನ್ನೂ ಸಂಸತ್ತಿನ ಕಾನೂನಿನ ಬೆಂಬಲವಿಲ್ಲದೆ ನಡೆಯುತ್ತಿದ್ದ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. 1954ರ ಮತ್ತು 1962ರ ಹಳೆಯ ತೀರ್ಪುಗಳನ್ನು ಹಿಡಿದು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರಕಾರ ವಾದಿಸಿತು. ಹಾಗಾಗಿ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಆ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಖಾಸಗಿತನ ಉಳ್ಳವರ ಚಿಂತೆ, ಬಡವನಿಗೆ ಬೇಕಾದದ್ದು ಅನ್ನ ಎಂಬ ವಾದವನ್ನು ತೀರ್ಪು ಸ್ಪಷ್ಟವಾಗಿ ತಳ್ಳಿಹಾಕಿತು. ಮರುವರ್ಷ ಸೆಪ್ಟೆಂಬರ್ 26ರಂದು ಆಧಾರ್ ಯೋಜನೆಯನ್ನು ಎತ್ತಿಹಿಡಿದರೂ, ಮೊಬೈಲ್ ಜೋಡಣೆಯ ಸುತ್ತೋಲೆಯನ್ನು ಅಸಾಂವಿಧಾನಿಕವೆಂದು ರದ್ದುಮಾಡಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಸಂತೆಯಲ್ಲಿ ಹೆಬ್ಬೆಟ್ಟು ಒತ್ತಿದ ನಮ್ಮ ಪರವಾಗಿ ಆ ಮುದುಕರು ಜಗಳವಾಡಿದ್ದರೆಂದು ನಮ್ಮಲ್ಲಿ ಬಹುಮಂದಿಗೆ ಗೊತ್ತೇ ಆಗಲಿಲ್ಲ.

ತೀರ್ಪು ಬಂದರೂ ಪಡಿತರಕ್ಕೆ ಹೆಬ್ಬೆಟ್ಟು ಉಳಿಯಿತು. ಇಲ್ಲಿಯೇ ನಮ್ಮ ಸೀಮೆಯ ವಿಚಿತ್ರ ಸಂಕಟ. ಸೂಪಾ ಅಣೆಕಟ್ಟಿಗೆ ಹಳೆಯ ತಾಲ್ಲೂಕು ಕೇಂದ್ರವೇ ಮುಳುಗಿ ಕಚೇರಿಗಳು ಜೋಯಿಡಾಕ್ಕೆ ಬಂದ ಸೀಮೆ ಇದು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಕಾಡಿನೊಳಗೆ ಗೋಪುರ ನಿಲ್ಲಿಸಲು ಅರಣ್ಯ ಕಾನೂನಿನ ಅನುಮತಿ ಬೇಕು. ಬೆರಳೆಣಿಕೆಯ ಗ್ರಾಹಕರಿಗಾಗಿ ಅಷ್ಟು ಓಡಾಡಲು ಕಂಪನಿಗಳಿಗೆ ಲಾಭವೂ ಕಾಣದು. ಹೀಗಾಗಿ ಗುರುತು ಕೊಡಬೇಕಾದ ಯಂತ್ರ ಮೊದಲು ಬಂತು, ಅದು ನಡೆಯಲು ಬೇಕಾದ ಸಿಗ್ನಲ್ ಆಮೇಲೆ ಬರುವುದಾಯಿತು. ಯಂತ್ರ ಹಿಡಿದು ರೇಂಜಿನ ಜಾಗಕ್ಕೆ ಹೋಗುವುದು, ದುಡಿದು ಸವೆದ ಬೆರಳನ್ನು ಒರೆಸಿ ಒರೆಸಿ ಮತ್ತೆ ಒತ್ತುವುದು ಮಲೆನಾಡಿನ ಹಲವು ಊರುಗಳ ಅನುಭವ. 2020ರ ಲಾಕ್‌ಡೌನಿನಲ್ಲಿ ಅದೇ ಬಂಡೆಗಳ ಮೇಲೆ ಮಕ್ಕಳು ಕೊಡೆ ಹಿಡಿದು ಆನ್‌ಲೈನ್ ಪಾಠ ಕೇಳಿದರು. 2022ರಲ್ಲಿ ಕೇಂದ್ರ ಸರಕಾರ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗೋಪುರಗಳು ಬರಲಿ, ಬೇಕೇ ಬೇಕು. ಅದರ ಜೊತೆಗೆ ಒಂದು ಪ್ರಶ್ನೆಯೂ ಬರಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ನಮಗೆ ಉಪಯೋಗವಾಗುವ ಒಂದು ಮಾತಿದೆ. ಮಾಹಿತಿ ಪಡೆಯುವವರು ಯಾಕೆ ಪಡೆಯುತ್ತೇವೆಂಬ ಸೂಚನೆ ಕೊಡಬೇಕು, ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಕೇಳಿ ಪಡೆಯಬಹುದು. ಅಂದರೆ ಕನ್ನಡದಲ್ಲಿ, ಜೋಯಿಡಾದ ಕುಣಬಿ ಅಜ್ಜಿಯ ಮನೆಮಾತಾದ ಕೊಂಕಣಿಯಲ್ಲಿ ಕೂಡ. ಸರಕಾರಕ್ಕೆ ಅದೇ ಕಾಯ್ದೆ ದೊಡ್ಡ ವಿನಾಯಿತಿಗಳನ್ನೂ ಕೊಟ್ಟಿದೆ ಎಂಬುದನ್ನು ಮರೆಯಬಾರದು. 1885ರ ಕಾಯ್ದೆಯ ಜಾಗಕ್ಕೆ ಬಂದ 2023ರ ದೂರಸಂಪರ್ಕ ಕಾಯ್ದೆಯಲ್ಲೂ ಸಂದೇಶ ತಡೆದು ನೋಡುವ ಅಧಿಕಾರ ಉಳಿದುಕೊಂಡಿದೆ. ಆಳುವವರು ಬದಲಾದರೂ ಆ ಒಂದು ಸೆಕ್ಷನ್ನಿನ ಜೀವ ಗಟ್ಟಿ.

ಅಂಚೆಯವನು, ತಂತಿ ಗುಮಾಸ್ತ, ಆಪರೇಟರು, ಬೂತಿನ ಮಾಲೀಕ, ರೇಂಜಿನ ಬಂಡೆಯ ನೆರೆಯವರು, ಇವರೆಲ್ಲರೂ ನಮ್ಮ ಮಾತು ಕೇಳಿಸಿಕೊಂಡರು. ಬಹುಪಾಲು ಮಂದಿ ಕೇಳಿಯೂ ಕೇಳದಂತಿದ್ದರು, ಆಮೇಲೆ ಮರೆತರು. ಈಗ ಕೇಳುವ ಯಂತ್ರಕ್ಕೆ ಮರೆವಿಲ್ಲ, ಅದರ ಹಿಂದಿನವರ ಮುಖ ನಮಗೆ ಗೊತ್ತಿಲ್ಲ. ಹಾಗಾಗಿ ಊರಿನ ಮರ್ಯಾದೆ ಮಾಡುತ್ತಿದ್ದ ಕೆಲಸವನ್ನು ಇನ್ನು ಕಾನೂನು ಮಾಡಬೇಕು, ಕಾನೂನು ಮಾಡುವಂತೆ ನಾವು ಕೇಳಬೇಕು. ಮುಂದಿನ ಸಲ ಯಾರಾದರೂ ಪುಟ್ಟ ಯಂತ್ರ ಮುಂದೆ ಹಿಡಿದು 'ಇಲ್ಲಿ ಒತ್ತಿ' ಎಂದಾಗ, ಬೆರಳು ಚಾಚುವ ಮೊದಲು 'ಇದು ಯಾತಕ್ಕೆ, ಸ್ವಲ್ಪ ಓದಿ ಹೇಳಿ' ಎನ್ನುವುದರಿಂದ ಅದನ್ನು ಶುರು ಮಾಡಬಹುದು. ತಂತಿ ಬಂದಾಗ ನಮ್ಮ ಅಜ್ಜಿ ಕೇಳಿದ್ದೂ ಅಷ್ಟನ್ನೇ.