ಬಹುಗರ್ಭದಲ್ಲಿ ಆಸ್ಪತ್ರೆಯ ಹಾಸಿಗೆ ವಿಶ್ರಾಂತಿ

ಅವಳಿ, ತ್ರಿವಳಿ ಅಥವಾ ಅದಕ್ಕೂ ಹೆಚ್ಚು ಶಿಶುಗಳನ್ನು ಹೊತ್ತ ಗರ್ಭಿಣಿಯನ್ನು ಹೆರಿಗೆಗೆ ಬಹಳ ಮುಂಚೆಯೇ ಆಸ್ಪತ್ರೆಗೆ ಸೇರಿಸಿ, ಓಡಾಟ ಕಡಿಮೆ ಮಾಡಿಸಿ ಮಲಗಿಸುವ ಕ್ರಮ. 37 ವಾರ ತುಂಬುವ ಮೊದಲೇ ಹೆರಿಗೆಯಾಗುವುದನ್ನು ತಡೆಯುವುದು ಇದರ ಉದ್ದೇಶ. ಮಲಗಿದರೆ ಗರ್ಭಕೊರಳಿನ ಮೇಲಿನ ಭಾರ ಇಳಿಯುತ್ತದೆ, ಮಾಸಿಗೆ ರಕ್ತ ಚೆನ್ನಾಗಿ ಹರಿಯುತ್ತದೆ ಎಂಬ ನಂಬಿಕೆ ಇದರ ಹಿಂದಿತ್ತು.

ಪುರಾವೆ: ಹರಾರೆಯಲ್ಲಿ ಅವಳಿ ಗರ್ಭಿಣಿಯರ ಮೇಲೆ ನಡೆದು 1985ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ವಿಶ್ರಾಂತಿಯಿಂದ ಗರ್ಭಾವಧಿ ಹೆಚ್ಚಲಿಲ್ಲ. ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಿಶೀಲನೆಗಳಲ್ಲೂ ಇದನ್ನು ವಾಡಿಕೆಯ ಚಿಕಿತ್ಸೆಯಾಗಿಸಲು ಸಾಕಷ್ಟು ಆಧಾರ ಕಾಣಲಿಲ್ಲ.

ಅಪಾಯ: ವಾರಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಸ್ನಾಯು, ಮೂಳೆ ಸೊರಗುತ್ತವೆ. ಮನೆಯಲ್ಲಿ ಬಿಟ್ಟುಬಂದ ಹಿರಿಯ ಮಗುವಿನ ಚಿಂತೆ, ನಿಂತುಹೋದ ಸಂಪಾದನೆ ತಾಯಿಯ ಮನಸ್ಸನ್ನು ಕುಗ್ಗಿಸುತ್ತವೆ. ಈ ನೋವನ್ನೂ ಚಿಕಿತ್ಸೆಯ ಲೆಕ್ಕದಲ್ಲಿ ಸೇರಿಸಲೇಬೇಕು.

ದಾಖಲಾತಿ: ರಕ್ತಸ್ರಾವ, ನೀರು ಒಡೆಯುವುದು, ಏರಿದ ರಕ್ತದೊತ್ತಡ, ಬೇಗ ಶುರುವಾದ ನೋವು ಇದ್ದಾಗ ಆಸ್ಪತ್ರೆವಾಸ ಅನಿವಾರ್ಯವಾಗಬಹುದು. ಒಂದೇ ನೀರಿನ ಚೀಲದಲ್ಲಿ ಬೆಳೆಯುವ ಅವಳಿಗಳ ಹೊಕ್ಕುಳಬಳ್ಳಿಗಳು ಸುತ್ತಿಕೊಳ್ಳಬಹುದಾದ್ದರಿಂದ ಹಲವೆಡೆ 24–28 ವಾರಗಳಿಂದಲೇ ದಾಖಲಿಸಿಕೊಳ್ಳುತ್ತಾರೆ. ಇಲ್ಲಿ ಶಿಶುಗಳನ್ನು ಕಾಯುವುದು ನಿಗಾ, ಬರೀ ಮಲಗುವುದಲ್ಲ.

ವಾರ್ಡಿನಲ್ಲಿ: ತಾಯಿ ಮಗ್ಗುಲಾಗಿ ಮಲಗಿರುತ್ತಾಳೆ, ಬೆನ್ನಿಗೊಂದು ದಿಂಬು. ನರ್ಸ್ ಹೊಟ್ಟೆಯ ಮೇಲೆ ಎರಡು ಕಡೆ ಎದೆಬಡಿತ ಹುಡುಕುತ್ತಾಳೆ. ಒಂದೇ ಮಗುವಿನ ಬಡಿತ ಎರಡು ಸಲ ದಾಖಲಾಗದಂತೆ ಎಚ್ಚರ ವಹಿಸುತ್ತಾಳೆ. ಹೆರಿಗೆ ಬೇಗ ಆಗುವ ಸೂಚನೆಯಿದ್ದರೆ ಶಿಶುಗಳ ಶ್ವಾಸಕೋಶ ಬಲಿಯಲು 6 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು 12 ಗಂಟೆಗೊಮ್ಮೆ 4 ಬಾರಿ ಕೊಡುವುದುಂಟು.